ಕೈಗೆ ಕಬ್ಬಿಣ ಬೇಡ, ಗಡಿಯಾರ ನೋಡಿ

ಮೂರ್ಛೆ ರೋಗದ ಬಗ್ಗೆ ಒಂದು ಲೇಖನ ಓದಿದೆ, ಅದರಲ್ಲಿ ಔಷಧಿಗಳ ವಿವರ ಚೆನ್ನಾಗಿದೆ. ಆದರೆ ಫಿಟ್ಸ್ ಬಂದ ಗಳಿಗೆಯಲ್ಲಿ ಪಕ್ಕದಲ್ಲಿದ್ದವರು ಏನು ಮಾಡಬೇಕೆಂಬುದು ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ನನ್ನ ತಮ್ಮ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಾಗ ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಂದು ನಾಲ್ಕು ಜನ ಸೇರಿ ಮುಷ್ಟಿ ಬಿಡಿಸಿ ಬೀಗದ ಕೈ ತುರುಕಿದರು, ಇನ್ನೊಬ್ಬರು ಹಲ್ಲಿನ ನಡುವೆ ಚಮಚ ಇಟ್ಟರು. ಅವನ ಮುಂದಿನ ಹಲ್ಲು ಅರ್ಧ ಮುರಿದದ್ದು ಹಾಗೆ. ಫಿಟ್ಸ್ ತರುವ ಮಿದುಳಿನ ನರಕೋಶಗಳ ವಿದ್ಯುತ್ ಅಬ್ಬರ ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕೇ ಕಬ್ಬಿಣ ಕೆಲಸ ಮಾಡಿತು ಅನ್ನಿಸುವುದು. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ತಲೆಯಡಿ ಮೆತ್ತಗಿನದೇನಾದರೂ ಇಡಿ, ಬಾಯಿಗೆ ನೀರೂ ಬೇಡ. 5 ನಿಮಿಷ ದಾಟಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ತಮ್ಮನಿಗೆ ನನ್ನ ಹೆಸರು ನೆನಪಾಗುವುದಿಲ್ಲ. ಆಗ ಸುತ್ತ ನಿಂತವರನ್ನು ಕಳಿಸಿ, ಸುಮ್ಮನೆ ಅವನ ಕೈ ಹಿಡಿದು ಕೂತಿರುತ್ತೇನೆ.