ಡೌನಿಂಗ್ ಸ್ಟ್ರೀಟ್ ಬಾಗಿಲ ಮೇಲೆ ‘ನಾಳೆ ಬಾ’

ಸ್ಕಾಟ್ಲೆಂಡ್ ಇಂಗ್ಲೆಂಡ್ ಜೊತೆ ಇರೋದು ಸ್ವಂತ ಇಷ್ಟದಿಂದ ಅಂತೆ, ಲಂಡನ್ನಲ್ಲಿ ಯಾವ ಪಾರ್ಟಿಯವರನ್ನ ಕೇಳಿದ್ರೂ ಇದೇ ಮಾತು. ಸರಿ ಸ್ವಾಮಿ, ಇಷ್ಟ ಇಲ್ಲ ಅಂದ್ರೆ ಹೊರಗೆ ಹೋಗೋ ದಾರಿ ಯಾವುದು ಅಂತ ಕೇಳಿ ನೋಡಿ, ಎಲ್ಲರಿಗೂ ಕೆಮ್ಮು ಶುರು.

ಕಾನೂನಲ್ಲಿ ದಾರಿ ಇಲ್ಲ ಅಂತಲ್ಲ. 1998ರ ಸ್ಕಾಟ್ಲೆಂಡ್ ಆ್ಯಕ್ಟಿನ ಸೆಕ್ಷನ್ 30 ಇದೆ, ವೆಸ್ಟ್‌ಮಿನ್‌ಸ್ಟರ್, ಅಂದ್ರೆ ಲಂಡನ್ ಪಾರ್ಲಿಮೆಂಟು, ಮನಸ್ಸು ಮಾಡಿ ಪವರ್ ಕೊಟ್ರೆ ಎಡಿನ್‌ಬರೋದಲ್ಲಿರೋ ಸ್ಕಾಟ್ಲೆಂಡಿನ ಪಾರ್ಲಿಮೆಂಟು ರೆಫರೆಂಡಮ್, ಅಂದ್ರೆ ಸ್ವಾತಂತ್ರ್ಯ ಬೇಕಾ ಬೇಡ್ವಾ ಅಂತ ಜನರ ವೋಟು, ಮಾಡಬಹುದು. 2012ರಲ್ಲಿ ಆಗಿನ ಪ್ರಧಾನಿ ಕ್ಯಾಮರನ್ ಸಾಹೇಬ್ರು ಹೇಗೂ ನಾವೇ ಗೆಲ್ಲೋದು ಅಂತ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಮಂಡ್ ಜೊತೆ ಇದಕ್ಕೆ ಸೈನ್ ಹಾಕಿದ್ರು, 2014ರಲ್ಲಿ ವೋಟಾಯ್ತು, 55-45ರಲ್ಲಿ ಸ್ವಾತಂತ್ರ್ಯ ಬೇಡ ಅಂತ ಬಂತು. ಎರಡೇ ವರ್ಷಕ್ಕೆ ಬ್ರೆಕ್ಸಿಟ್, ಯೂರೋಪಿಯನ್ ಯೂನಿಯನ್ ಬಿಡೋಣ ಅಂತ ಇಡೀ ಬ್ರಿಟನ್ನಿನ ವೋಟು. ಸ್ಕಾಟ್ಲೆಂಡಲ್ಲಿ 62 ಪರ್ಸೆಂಟ್ ವೋಟು ಯೂರೋಪಲ್ಲೇ ಇರೋಣ ಅಂತ ಬಿದ್ರೂ ಗಂಟುಮೂಟೆ ಸಮೇತ ಎಳ್ಕೊಂಡು ಹೊರಟ್ರು. ಹಂಗಾದ್ರೆ ಇನ್ನೊಂದ್ಸಲ ವೋಟ್ ಹಾಕ್ತೀವಿ ಅಂದಿದ್ದಕ್ಕೆ ಕ್ಯಾಮರನ್ ಆದ್ಮೇಲೆ ಪ್ರಧಾನಿಯಾದ ತೆರೇಸಾ ಮೇ ಈಗ ಟೈಮಲ್ಲ ಅಂದ್ರು. ನಮ್ಮ ಕಡೆ ದೆವ್ವ ಒಳಗೆ ಬರದೇ ಇರ್ಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ಅದೇ ಟೆಕ್ನಿಕ್ಕು, ಡೌನಿಂಗ್ ಸ್ಟ್ರೀಟಿನ ಮನೇಲಿ ಪ್ರಧಾನಿ ಬದಲಾದ್ರೂ ಬಾಗಿಲ ಮೇಲಿನ ಬರಹ ಅಳಿಸಲ್ಲ.

ನಾಳೆ ಅಂದ್ರೆ ಯಾವತ್ತು? 2021ರಲ್ಲಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಟಿವಿಲಿ ಕೂತು ಲೆಕ್ಕ ಹೇಳಿದ್ರು, ಯೂರೋಪ್ ಬಗ್ಗೆ ಮೊದಲ್ನೇ ರೆಫರೆಂಡಮ್ 1975ರಲ್ಲಿ, ಎರಡನೇದು 2016ರಲ್ಲಿ, ಅಷ್ಟು ಗ್ಯಾಪು ಇದ್ರೆ ಸರಿ ಅಂತ. 41 ವರ್ಷ! 2014ರಲ್ಲಿ 16ನೇ ವಯಸ್ಸಿಗೇ ವೋಟ್ ಹಾಕಿದ ಹುಡುಗ 2055ಕ್ಕೆ ಮೊಮ್ಮಗನ್ನ ಎತ್ಕೊಂಡು ಬೂತಿಗೆ ಬರಬೇಕು. ಅದೇ ಉತ್ತರ ಐರ್ಲೆಂಡಿಗೆ ಮಾತ್ರ ಕಾನೂನಲ್ಲೇ ಬರೆದಿಟ್ಟಿದಾರೆ, ಬಹುಮತ ಬೇರೆ ಹೋಗೋ ಕಡೆ ಇದೆ ಅನ್ಸಿದ್ರೆ ಲಂಡನ್ ಸರ್ಕಾರದ ಮಂತ್ರಿ ವೋಟ್ ಮಾಡಿಸ್ಲೇಬೇಕು, ಎರಡರ ಮಧ್ಯೆ 7 ವರ್ಷ ಸಾಕು.

ಸ್ವಾತಂತ್ರ್ಯ ಬೇಕು ಅನ್ನೋ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಅಂದ್ರೆ ಎಸ್‌ಎನ್‌ಪಿಯವರೂ ಏನು ಕಮ್ಮಿ ಇಲ್ಲ ಬಿಡಿ. 2022ರಲ್ಲಿ ಅವರ ನಾಯಕಿ, ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಎರಡನೇ ರೆಫರೆಂಡಮ್‌ಗೆ 2023ರ ಅಕ್ಟೋಬರ್ 19 ಅಂತ ಮುಹೂರ್ತಾನೇ ಇಟ್ಬಿಟ್ರು. ಈ ರೆಫರೆಂಡಮ್ ಬಿಲ್ ನಮ್ಮ ಅಧಿಕಾರದೊಳಗೆ ಬರುತ್ತೆ ಅಂತ ಹೇಳೋಕೆ ಅವರದೇ ಸರ್ಕಾರದ ದೊಡ್ಡ ಲಾಯರ್ ಲಾರ್ಡ್ ಅಡ್ವೊಕೇಟ್‌ಗೆ ನಂಬಿಕೆ ಸಾಲ್ಲಿಲ್ಲ, ಅದಕ್ಕೇ ಸುಪ್ರೀಂ ಕೋರ್ಟಿಗೆ ಹೋಗಿದ್ದು. ಅಲ್ಲಿ ಮಾಡಿದ ವಾದ ಕೇಳಿ: ಇದು ಬರೀ ಜನಾಭಿಪ್ರಾಯ, ಹೌದು ಅಂತ ಬಂದ್ರೂ ಕಾನೂನು ಪ್ರಕಾರ ಏನೂ ಆಗಲ್ಲ! ಬೀದೀಲಿ ಸ್ವಾತಂತ್ರ್ಯ ಅಂತ ಗಂಟಲು ಹರ್ಕೊಳ್ಳೋದು, ಕೋರ್ಟಲ್ಲಿ ಏನೂ ಆಗಲ್ಲ ಬಿಡಿ ಬುದ್ಧಿ ಅಂತ ಕೈಮುಗಿಯೋದು. ಐದೂ ಜನ ಜಡ್ಜ್‌ಗಳು ಒಂದೇ ದನೀಲಿ ನಿಮಗೆ ಆ ಪವರ್ ಇಲ್ಲ ಅಂದ್ರು.

ಹಂಗಾದ್ರೆ ಲಂಡನ್ ಪಾರ್ಲಿಮೆಂಟ್ ಎಲೆಕ್ಷನ್ನನ್ನೇ ರೆಫರೆಂಡಮ್ ಮಾಡ್ತೀವಿ ಅಂದ್ರು ಎಸ್‌ಎನ್‌ಪಿಯವರು. 2024ರ ಪ್ರಣಾಳಿಕೆಯ ಮೊದಲ ಸಾಲಲ್ಲೇ ಸ್ವತಂತ್ರ ದೇಶಕ್ಕಾಗಿ ವೋಟ್ ಕೊಡಿ ಅಂತ ಹಾಕಿದ್ರು, ಬಂದಿದ್ದು 9 ಸೀಟು. ತಕ್ಷಣ ಲಂಡನ್ ಕಡೆಯವರು ನೋಡಿ ಜನ ತೀರ್ಪು ಕೊಟ್ರು, ಮುಗೀತು ಕಥೆ ಅಂದ್ರು. ಹೌದಾ? 2019ರಲ್ಲಿ ಇದೇ ಪಾರ್ಟಿ ಎರಡನೇ ರೆಫರೆಂಡಮ್ ಬೇಕು ಅಂತ ಕೇಳ್ಕೊಂಡೇ 59ರಲ್ಲಿ 48 ಗೆದ್ದಿತ್ತಲ್ಲ, ಆಗ ಈ ಮಹಾನುಭಾವರಿಗೆ ಜನ ಮಾತಾಡಿದ್ದೇ ಕೇಳಿಸಿರ್ಲಿಲ್ಲ.