15ಕ್ಕೆ ಗುಜರಿ, 50ಕ್ಕೆ ದೇವರು

ನನ್ನ ಗೆಳೆಯನ ಹತ್ತಿರ 2002ರ ಹೋಂಡಾ ಸಿಟಿ ವಿಟೆಕ್ ಇದೆ. ಅದನ್ನು ಬರೀ ಕಾರು ಅಂದರೆ ಅವನಿಗೆ ಬೇಜಾರು. ಭಾನುವಾರ ಬೆಳಗ್ಗೆ ಬಾನೆಟ್ ಎತ್ತಿ ನಿಲ್ಲಿಸುತ್ತಾನೆ. ನಾವು ಟೀ ಲೋಟ ಹಿಡಿದು, ತೊಟ್ಟಿಲಲ್ಲಿರೋ ಮಗು ನೋಡೋ ಹಾಗೆ ಬಗ್ಗಿ ನೋಡಬೇಕು.

"ಎಂಜಿನ್ನಿಗೆ 106 ಕುದುರೆ ಶಕ್ತಿ ಕಣೋ! 2003ರಲ್ಲಿ ಹೊಸ ಸಿಟಿ ತಂದು 77ಕ್ಕೆ ಇಳಿಸಿಬಿಟ್ಟರು. ಮೈಲೇಜ್ ಅಂತೆ ಮೈಲೇಜ್!"

ಸತ್ತು ಇಪ್ಪತ್ತು ವರ್ಷ ದಾಟಿದರೂ ಆ 29 ಕುದುರೆಗಳ ತಿಥಿ ವಾರವಾರ ನಡೆಯುತ್ತಿದೆ.

"ಗಾಡಿ ಪಕ್ಕಾ ಸ್ಟಾಕ್" ಅಂತಾನೆ, ಅಂದರೆ ಕಂಪನಿಯಿಂದ ಬಂದ ಹಾಗೇ ಇದೆ ಅಂತ. ಸೈಲೆನ್ಸರ್ ಬೇರೆ. ಸಸ್ಪೆನ್ಷನ್ ಬೇರೆ. ಸೀಟು ಇನ್ಯಾವುದೋ ಕಾರಿನದು. ಸ್ಟಾಕ್ ಆಗಿ ಉಳಿದಿರೋದು ಅವನ ಅಭಿಪ್ರಾಯ ಮಾತ್ರ.

ಸುಮ್ನೆ ನಗುತ್ತಿದ್ದೆ, ಸರ್ಕಾರದ ಅಭಿಪ್ರಾಯ ಓದೋವರೆಗೆ. ದೆಹಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಗಾಡಿ ರಸ್ತೆಗೇ ಬರಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮ ಕಡೆ ಪುಣ್ಯಕ್ಕೆ 5 ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆ, ಮಾಡಿಸಿ ಓಡಿಸಬಹುದು. ಆದರೆ ಗಾಡಿಗೆ 20 ದಾಟಿತೋ, ರಿನ್ಯೂವಲ್ ಫೀಸೇ 10,000. ವಯಸ್ಸಾದವರಿಗೆ ಬಸ್ಸಿನಲ್ಲಿ ರಿಯಾಯಿತಿ, ಬಸ್ಸಿಗೇ ವಯಸ್ಸಾದರೆ ದಂಡ.

ಅದೇ ಗಾಡಿ ಹೇಗೋ ಜೀವ ಹಿಡಿದು 50 ತುಂಬಿಸಿತು ಅನ್ನಿ. 2021ರ ನಿಯಮದ ಪ್ರಕಾರ ಅದು ವಿಂಟೇಜ್! ಹೊಸ ನಂಬರ್ ಪ್ಲೇಟು, ಅದರಲ್ಲಿ 'ವಿಎ' ಅನ್ನೋ ಅಕ್ಷರ, 20,000 ಫೀಸು. ಮೊನ್ನೆವರೆಗೆ ಹೊಗೆ ಉಗುಳುವ ಪಾಪಿ, ಇವತ್ತು ಪರಂಪರೆ. ಪಾಂಡವರಿಗೆ ವನವಾಸ, ಅಜ್ಞಾತವಾಸ ಎಲ್ಲ ಸೇರಿ 13 ವರ್ಷ. ಕಾರಿಗೆ 35.

ದೇವರಾದ ಮೇಲೆ ಇನ್ನೊಂದು ತಾಪತ್ರಯ. ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ ಹೊರಗೆ ತರಬೇಕು. ಉತ್ಸವಮೂರ್ತಿ ಥರ. ತರಕಾರಿ ತರೋಕೆ ಹೋದರೆ ತಪ್ಪು.

ಇದನ್ನೆಲ್ಲ ಗೆಳೆಯನಿಗೆ ಓದಿ ಹೇಳಿದೆ. 2052ಕ್ಕೆ ಗಾಡಿಗೆ 50, ಅವನಿಗೆ 79 ಆಗುತ್ತೆ, ಬಾನೆಟ್ ಎತ್ತೋಕೆ ಮೊಮ್ಮಗನನ್ನು ಕರೀಬೇಕು. ಸ್ವಲ್ಪ ಹೊತ್ತು ಯೋಚಿಸಿದ.

"ಪೆಟ್ರೋಲ್ ಹಾಕಿಸೋಕೆ ಹೋಗಬಹುದು ಅಲ್ವಾ?"

"ಹೋಗಬಹುದು."

"ಯಾವ ಬಂಕಿಗೆ ಅಂತ ಬರೆದಿದಾರಾ?"

"ಇಲ್ಲ."

"ಸರಿ ಬಿಡು. ಚಾರ್ಮಾಡಿ ಘಾಟಿ ಇಳಿದು ಉಜಿರೇಲಿ ಹಾಕಿಸ್ತೀನಿ. ಅಲ್ಲಿ ಅಳತೆ ಕರೆಕ್ಟಾಗಿರುತ್ತೆ."