ಸಿಂಗಲ್ ಸಿಲಿಂಡರ್‌ಗೆ ದೊಡ್ಡ ಬಿಸಿಡಿ ಬೇಕಿಲ್ಲ

ನೇತ್ರಾಣಿಗೆ ಡೈವಿಂಗ್ ಹೋಗುವ ಶಿವಮೊಗ್ಗ, ಸಾಗರದ ಹುಡುಗರ ನಡುವೆ ಬಿಸಿಡಿ (ಗಾಳಿ ತುಂಬಿ, ಬಿಟ್ಟು, ತೇಲುವುದನ್ನು ಹತೋಟಿಯಲ್ಲಿಡುವ ಡೈವಿಂಗ್ ಜಾಕೆಟ್) ಬಗ್ಗೆ ಒಂದು ಮಾತು ಹರಿದಾಡುತ್ತಿದೆ: 'ಬಿಸಿಡಿ ತಗೊಳ್ಳೋದಾದರೆ 50 ಪೌಂಡ್ ಎತ್ತುವುದನ್ನೇ ತಗೊಳ್ಳಿ, ದೊಡ್ಡದಾದಷ್ಟು ಸೇಫ್. ಸಿಹಿನೀರಿಗಂತೂ ಅದೇ ಬೇಕು.' ಇದು ಸರಿಯಲ್ಲ.

ಬಿಸಿಡಿ ಎತ್ತಬೇಕಾದ ಭಾರ ಎಷ್ಟು? ಸಾಮಾನ್ಯ ಅಲ್ಯೂಮಿನಿಯಂ 80 (ಸುಮಾರು 80 ಘನ ಅಡಿ ಗಾಳಿಯ) ಸಿಲಿಂಡರ್‌ನ ಗಾಳಿ ಸುಮಾರು ಎರಡೂವರೆ ಕೆಜಿ; ಡೈವ್ ಶುರುವಿನಲ್ಲಿ ಆ ಭಾರವನ್ನು ಬಿಸಿಡಿ ಎತ್ತಬೇಕು. ಆಳಕ್ಕೆ ಹೋದಾಗ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರ್ ಉಡುಪು) ನೀರಿನ ಒತ್ತಡಕ್ಕೆ ತೆಳುವಾಗಿ ತೇಲುವ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಬೆಚ್ಚಗಿನ ಸಮುದ್ರಕ್ಕೆ ತೆಳು ಸೂಟ್ ಸಾಕು, ಹಾಗಾಗಿ ಆ ನಷ್ಟವೂ ಕಡಿಮೆ. ಮೇಲೆ ಬಂದಾಗ ತಲೆ ನೀರಿನಿಂದ ಹೊರಗಿರಲು ಇನ್ನಷ್ಟು ಸೇರಿಸಿದರೂ 25-30 ಪೌಂಡ್ (ಸುಮಾರು 11-14 ಕೆಜಿ) ಧಾರಾಳ.

50 ಪೌಂಡ್‌ನಷ್ಟು ದೊಡ್ಡ ವಿಂಗ್‌ಗಳು (ಬೆನ್ನ ಹಿಂದೆ ಗಾಳಿಚೀಲವಿರುವ ಬಿಸಿಡಿ) ಹೆಚ್ಚಾಗಿ ಜೋಡಿ ಸಿಲಿಂಡರ್‌ಗೆಂದು ಮಾಡಿದವು. ಒಂದೇ ಸಿಲಿಂಡರ್‌ಗೆ ಕಟ್ಟಿದರೆ ಅಂಚುಗಳು ದೋಸೆಯಂತೆ ಸಿಲಿಂಡರ್ ಸುತ್ತ ಮಡಚಿಕೊಳ್ಳುತ್ತವೆ. ಗಾಳಿ ಮಡಿಕೆಯಲ್ಲಿ ಸಿಕ್ಕಿ ಬೇಗ ಹೊರಹೋಗುವುದಿಲ್ಲ. ಮೇಲೇರುವಾಗ ಅದೇ ಗಾಳಿ ಹಿಗ್ಗಿ ನಿಮ್ಮನ್ನು ಬೇಡದ ವೇಗದಲ್ಲಿ ಎಳೆದೊಯ್ಯಬಹುದು. ಸೇಫ್ ಅಂದರೆ ಇದಾ?

ಸಿಹಿನೀರಿನ ಮಾತು ಅರ್ಧ ನಿಜ. ಸಮುದ್ರದ ನೀರು ಸುಮಾರು ಶೇ 2.5ರಷ್ಟು ಹೆಚ್ಚು ಸಾಂದ್ರ, ಅದಕ್ಕೇ ಸಿಹಿನೀರಿನಲ್ಲಿ ಮುಳುಗುವುದು ಸುಲಭ. ಆದರೆ ಪರಿಹಾರ ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದಲ್ಲಿದೆ: ಎರಡು ಕೆಜಿಯಷ್ಟು ಇಳಿಸಿ, ನೀರಿನಲ್ಲೇ ಪರೀಕ್ಷಿಸಿ. ಸುಮ್ನೆ ದೊಡ್ಡ ಬಿಸಿಡಿಗೆ ದುಡ್ಡು ಸುರಿಯಬೇಡಿ.

ಇನ್ನೊಂದು, ಬಿಸಿಡಿ ಲೈಫ್ ಜಾಕೆಟ್ ಅಲ್ಲ. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲ್ಮುಖವಾಗಿ ಹಿಡಿಯುವ ಖಾತ್ರಿ ಅದಕ್ಕಿಲ್ಲ.